ಕಾಫಿಗೆ ಏನು ಕಾಯಿಲೆ?

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಸ್ಯಾಂಪಲ್ ರೂಮಿನಲ್ಲಿ ಡಬ್ಬಿಗಳನ್ನು ಒರೆಸಿ ಜೋಡಿಸುತ್ತಿದ್ದೆ. ಅಳು ಬಂತು. ಆದರೆ ಅಳುವಿಗಿಂತ ಒಂದು ಗಳಿಗೆ ಮೊದಲು ಮನಸ್ಸಿಗೆ ಬಂದದ್ದು ಬೇರೆಯೇ ಮಾತು: ಸದ್ಯ, ಹೇಳಿಬಿಟ್ಟಿದ್ದೆ. ಅದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಇದೇ ಸುದ್ದಿ ಒಂದೂವರೆ ವರ್ಷ ಮೊದಲೇ ಬಂದಿದ್ದರೆ ನನ್ನ ಗತಿ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಭಯವಾಗುತ್ತದೆ.

ಅವರ ಹೆಸರು ಬರೆಯುವುದಿಲ್ಲ. ಹೆಸರು ಹಾಕಿ ಹೊಗಳುವುದು ಅವರಿಗೆ ಆಗುತ್ತಿರಲಿಲ್ಲ, ಬೈಯುವುದಾದರೆ ಹಾಕಬಹುದಿತ್ತು. ಕುಶಾಲನಗರದ ಅಂಚಿನಲ್ಲಿರುವ ನಮ್ಮ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಅವರು ಮೊದಲು ಎಲ್ಲರಿಗೂ ‘ಗೋಡೌನ್ ಅಣ್ಣ’, ಆಮೇಲೆ ‘ಗೇಟ್ ಅಣ್ಣ’. ಗೋಡೌನಿನ ಕೀ ಕೈಯಲ್ಲಿದ್ದ ಮನುಷ್ಯ ಗೇಟಿನ ಸ್ಟೂಲಿಗೆ ಬಂದು ಕೂತದ್ದು ಹೇಗೆ ಎಂಬುದು ಈ ಕತೆಯ ಅರ್ಧ. ಉಳಿದರ್ಧ ನನ್ನ ತಪ್ಪು.

ಕ್ಯೂರಿಂಗ್ ವರ್ಕ್ಸ್ ಎಂದರೆ ಏನೆಂದು ಹೊರಗಿನವರಿಗೆ ಹೇಳಬೇಕು. ಬೆಳೆಗಾರರು ಒಣಗಿಸಿ ತಂದ ಕಾಫಿಯ ಸಿಪ್ಪೆ ಬಿಡಿಸಿ, ಗಾತ್ರ ನೋಡಿ ಬೇರೆ ಮಾಡಿ, ಕೆಟ್ಟ ಬೀಜ ಆರಿಸಿ ತೆಗೆದು, ಮೂಟೆ ಕಟ್ಟಿ ಹೊರದೇಶಕ್ಕೆ ಕಳುಹಿಸುವ ಜಾಗ ಅದು. ಅವರು ಎಸ್ಸೆಸ್ಸೆಲ್ಸಿ ಮುಗಿಸಿ ಸೋಮವಾರಪೇಟೆ ಕಡೆಯಿಂದ ಕೆಲಸ ಕೇಳಿಕೊಂಡು ಬಂದ ದಿನವೇ ಗೇಟಿನ ಮೇಲಿನ ಇಂಗ್ಲಿಷ್ ಬೋರ್ಡನ್ನು ಎರಡೆರಡು ಸಲ ಓದಿದರಂತೆ. ಒಳಗೆ ಹೋಗಿ, ಕೆಲಸ ಕೇಳುವ ಬದಲು ಮ್ಯಾನೇಜರನ್ನು ಕೇಳಿದ್ದು ಇದು:

“ಸಾರ್, ಕ್ಯೂರ್ ಅಂದ್ರೆ ವಾಸಿ ಮಾಡೋದಲ್ವಾ? ಕಾಫಿಗೆ ಏನು ಕಾಯಿಲೆ?”

ಆಗಿನ ಮ್ಯಾನೇಜರು ಮಂಗಳೂರು ಕಡೆಯ ಕ್ರಿಶ್ಚಿಯನ್ನರು. ಹರೆಯದಲ್ಲಿ ಪಾದ್ರಿಯಾಗಲೆಂದು ಎರಡು ವರ್ಷ ಓದಿ, ಬೇಡವೆಂದು ಬಿಟ್ಟು ಬಂದವರು. ಆ ಎರಡು ವರ್ಷದಲ್ಲಿ ಕಲಿತ ಲ್ಯಾಟಿನ್ ಯಾರಿಗೂ ಬೇಡವಾಗಿ ಅವರ ಹೊಟ್ಟೆಯೊಳಗೇ ಉಳಿದಿತ್ತು. ಕೇಳುವವನೊಬ್ಬ ಸಿಕ್ಕಿದ್ದೇ ತಡ, ಕೂರಿಸಿಕೊಂಡು ಹೇಳಿದರು. ಲ್ಯಾಟಿನ್ನಿನಲ್ಲಿ ‘ಕೂರಾ’ ಅಂತ ಒಂದು ಪದ. ಆರೈಕೆ ಅಂತಲೂ ಅರ್ಥ, ಚಿಂತೆ ಅಂತಲೂ ಅರ್ಥ. ಒಂದನ್ನು ಬಿಟ್ಟು ಇನ್ನೊಂದಿಲ್ಲ. ಕಾಯಿಲೆ ವಾಸಿ ಮಾಡುವುದು ಆಮೇಲೆ ಬಂದ ಅರ್ಥ, ಮೊದಲು ಇದ್ದದ್ದು ‘ಅದರ ಚಿಂತೆ ನನಗಿರಲಿ’ ಎನ್ನುವುದು.

“ಅಂದ್ರೆ ನಮ್ಮ ಕೆಲಸ ಕಾಫಿ ಬಗ್ಗೆ ಚಿಂತೆ ಮಾಡೋದು,” ಎಂದರಂತೆ ಇವರು.

“ಅಷ್ಟೇ. ನಾಳೆಯಿಂದ ಬಾ,” ಎಂದರಂತೆ ಅವರು.

ಈ ಪ್ರಸಂಗವನ್ನು ಅವರ ಬಾಯಿಂದಲೇ ಹತ್ತಾರು ಸಲ ಕೇಳಿದ್ದೇನೆ, ಒಂದು ಸಲವೂ ಒಂದಕ್ಷರ ಬದಲಾಗಿರಲಿಲ್ಲ. ಹಾಗಾಗಿ ನಿಜವಿರಬೇಕು, ಅಥವಾ ಬಹಳ ಚೆನ್ನಾಗಿ ಬಾಯಿಪಾಠ ಮಾಡಿದ್ದಿರಬೇಕು.

ಅಲ್ಲಿಂದ ಶುರುವಾಯಿತು ಅವರ ಹುಚ್ಚು. ಕಾಫಿ ಕೊಳ್ಳುವ ಹೊರದೇಶದವರು ವರ್ಷಕ್ಕೆ ಒಂದೆರಡು ಸಲ ನಮ್ಮಲ್ಲಿಗೆ ಬರುತ್ತಾರೆ. ಚಮಚದಲ್ಲಿ ಕಾಫಿ ಸೊರ್ರನೆ ಹೀರಿ, ಬಾಯಲ್ಲಿ ಆಡಿಸಿ, ಉಗಿದು, ಏನೋ ಬರೆದುಕೊಳ್ಳುತ್ತಾರೆ. ಆ ಹೊತ್ತಿಗೆ ಸರಿಯಾಗಿ ಇವರು ಸ್ಯಾಂಪಲ್ಲಿನ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು. ಉಗಿದು ಮುಗಿಯುವವರೆಗೆ ಕಾದು, ತಮ್ಮ ಹರಕು ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ: ನಿಮ್ಮ ಭಾಷೆಯಲ್ಲಿ ಕ್ಯೂರ್ ಅಂದರೆ ಏನು? ಉತ್ತರವನ್ನು ಜೇಬಿನ ಡೈರಿಯಲ್ಲಿ ಕನ್ನಡದಲ್ಲಿ ಬರೆದುಕೊಳ್ಳುವರು. ಇಟಲಿಯವರು: ಕೂರಾ, ಆರೈಕೆಗೂ ಚಿಕಿತ್ಸೆಗೂ. ಸ್ಪೇನಿನವರು: ಕೂರಾ ಅಂದರೆ ಚಿಕಿತ್ಸೆ, ಊರಿನ ಚರ್ಚಿನ ಪಾದ್ರಿಗೂ ಅದೇ ಹೆಸರು, ಏಕೆಂದರೆ ಊರಿನವರ ಆತ್ಮದ ಚಿಂತೆ ಅವನದು. ಫ್ರಾನ್ಸಿನಲ್ಲಿ ಪಾದ್ರಿ ‘ಕ್ಯೂರೇ’. ಜರ್ಮನಿಯ ಹೆಂಗಸೊಬ್ಬರು ‘ಕೂರ್’ ಎಂದರೆ ಬಿಸಿನೀರಿನ ಬುಗ್ಗೆ ಇರುವ ಊರಿಗೆ ಹೋಗಿ ವಾರಗಟ್ಟಲೆ ಇದ್ದು ಮೈ ಸರಿಮಾಡಿಕೊಂಡು ಬರುವುದು ಎಂದು ಹೇಳಿ, ತಾನೂ ಮುಂದಿನ ತಿಂಗಳು ಹೋಗುವವಳಿದ್ದೇನೆ ಎಂದರಂತೆ. ಇವರು ಅದನ್ನೂ ಬರೆದುಕೊಂಡರು, ‘ಮಂಡಿ ನೋವು’ ಎಂಬ ಟಿಪ್ಪಣಿಯೊಂದಿಗೆ.

ಹೊರಗಿನವರನ್ನು ಮಾತ್ರ ಕೇಳುತ್ತಿದ್ದರು ಎಂದುಕೊಳ್ಳಬೇಡಿ. ನಮ್ಮಲ್ಲಿ ಬೀಜ ಆರಿಸುವ ಹೆಂಗಸರ ಹಾಲಿನಲ್ಲಿ ಒಂದೇ ಮೇಜಿನ ಸುತ್ತ ಐದು ಭಾಷೆ ನಡೆಯುತ್ತದೆ. ಚಿಂತೆಗೆ ನಿಮ್ಮಲ್ಲಿ ಏನಂತೀರಿ ಎಂದು ಅಲ್ಲಿಯೂ ಹೋಗಿ ಕೇಳುವರು. ತಮಿಳಿನವರು ಕವಲೈ ಎಂದರು, ಉರ್ದುವಿನವರು ಫಿಕರ್ ಎಂದರು. “ಎಲ್ಲರ ಮನೇಲೂ ಇದೆ ಅಂದಂಗಾಯ್ತು,” ಎಂದು ಡೈರಿ ಮುಚ್ಚಿದರು.

ಒಮ್ಮೆ ಪೇಟೆಯಲ್ಲಿ ಹೊಸದಾಗಿ ತೆರೆದ ಬ್ಯೂಟಿ ಪಾರ್ಲರಿನ ಮುಂದೆ ನಿಂತು ಬೋರ್ಡು ಓದುತ್ತಿದ್ದರು. ಪೆಡಿಕ್ಯೂರ್, ಮ್ಯಾನಿಕ್ಯೂರ್. ಒಳಗಿದ್ದ ಹುಡುಗಿ ಹೊರಗೆ ಬಂದು “ಏನ್ ಬೇಕಿತ್ತು ಅಂಕಲ್?” ಎಂದು ಗದರಿದಳಂತೆ. ಮರುದಿನ ನನಗೆ ಹೇಳಿದರು: “ಕೈಗೂ ಕಾಲಿಗೂ ಕೂರಾ ಇದೆ ತಂಗಿ. ಉಗುರಿನ ಚಿಂತೆ ಮಾಡೋಕೂ ಜನ ಇದ್ದಾರೆ.”

ಪದಗಳ ವಿಷಯದಲ್ಲಿ ಅವರು ಒಮ್ಮೆ ಸೋತದ್ದೂ ಉಂಟು. ಇಂಗ್ಲಿಷಿನ ‘ಕೇರ್’ ಕೂಡ ಇದೇ ಕೂರಾದ ಮಗು ಎಂದು ಬಲವಾಗಿ ನಂಬಿದ್ದರು. ಅರ್ಥವೂ ಒಂದೇ, ಸದ್ದೂ ಹತ್ತಿರ. ನಾನು ಒಂದು ದಿನ ಮೊಬೈಲಿನಲ್ಲಿ ನಿಘಂಟು ನೋಡಿ, ಹಾಗಲ್ಲವಂತೆ ಅಣ್ಣ, ‘ಕೇರ್’ ಇಂಗ್ಲಿಷಿನವರ ಸ್ವಂತ ಹಳೆಯ ಪದವಂತೆ, ಮೊದಲು ಅದಕ್ಕೆ ದುಃಖ ಅಂತ ಅರ್ಥವಿತ್ತಂತೆ, ಲ್ಯಾಟಿನ್ನಿಗೂ ಅದಕ್ಕೂ ಸಂಬಂಧವಿಲ್ಲವಂತೆ ಎಂದೆ. ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಮೂರನೆಯ ದಿನ ಬಂದು, “ಸರಿ ಬಿಡು. ನೆಂಟರಲ್ಲ, ಅಕ್ಕಪಕ್ಕದ ಮನೆಯವರು. ಒಟ್ಟಿಗೆ ಇದ್ದೂ ಇದ್ದೂ ಮುಖ ಒಂದೇ ಥರ ಆಗಿದೆ,” ಎಂದು ರಾಜಿಯಾದರು. ಹಾಗಾದರೆ ಕೂರಾ ಎಂಬುದೇ ಎಲ್ಲಿಂದ ಬಂತು ಎಂದು ಹುಡುಕಿಸಿದರು. ಅದರ ಹಿಂದಿನದು ಖಚಿತವಾಗಿ ಗೊತ್ತಿಲ್ಲ ಎಂದಿತ್ತು. ಅದನ್ನು ಕೇಳಿ ಏಕೋ ಅವರಿಗೆ ಸಂತೋಷವಾಯಿತು.

ಇದೆಲ್ಲ ಬಿಡುವಿನ ಮಾತು. ಅವರ ನಿಜವಾದ ವಿದ್ಯೆ ಬಲಗೈಯಲ್ಲಿತ್ತು.

ಬೆಳಿಗ್ಗೆ ಎಂಟಕ್ಕೆ ಗೋಡೌನಿನ ಪಕ್ಕದ ಚಿಕ್ಕ ಬಾಗಿಲು ತೆಗೆದು ಅವರೊಬ್ಬರೇ ಒಳಗೆ ಹೋಗುತ್ತಿದ್ದರು. ದೊಡ್ಡ ಷಟರ್ ಇನ್ನೂ ಮುಚ್ಚಿರಬೇಕು, ಹೊರಗಿನ ಗಾಳಿ ಬರಬಾರದು. ಚಪ್ಪಲಿ ಬಿಟ್ಟು, ಅಂಗಿಯ ಬಲದ ತೋಳು ಮಡಚಿ, ಮೂಟೆಗಳ ಅಟ್ಟಿಯ ಸಂದಿಯೊಳಗೆ ಭುಜದವರೆಗೂ ಕೈ ತೂರಿಸಿ, ಕಣ್ಣು ಮುಚ್ಚಿ ನಿಲ್ಲುವರು. ಚೆನ್ನಾಗಿ ಒಣಗದ ಕಾಫಿ ಅಟ್ಟಿಯೊಳಗೆ ಬೆವರುತ್ತದೆ, ಬಿಸಿಯಾಗುತ್ತದೆ, ಆಮೇಲೆ ಬೂಷ್ಟು ಹಿಡಿದು ಪಕ್ಕದ ಮೂಟೆಗೂ ಹಬ್ಬಿಸುತ್ತದೆ. ಮೂಗಿಗೆ ವಾಸನೆ ಬರುವ ಹೊತ್ತಿಗೆ ಕಾಲ ಮೀರಿರುತ್ತದೆ. ಕೈಗೆ ಮೊದಲೇ ತಿಳಿಯುತ್ತದೆ. ಒಂದೊಂದು ಅಟ್ಟಿಗೂ ಕೈ ಇಟ್ಟು ಕೊನೆಗೆ ಒಳಗಿನಿಂದಲೇ ಜೋರಾಗಿ ಕೂಗುವರು: “ತಣ್ಣಗಿದೆ! ಷಟರ್ ತೆಗೀರಿ!” ಆ ಕೂಗು ಬೀಳುವವರೆಗೆ ಹಮಾಲಿಗಳು ಹೊರಗೆ ಬೀಡಿ ಸೇದುತ್ತ ಕೂತಿರಬೇಕು. ಲಾರಿಯವರು ಗೊಣಗುತ್ತಿದ್ದರು. ತೇವಾಂಶ ನೋಡುವ ಮಿಷನ್ನಿರುವಾಗ ಇದೇನು ಪೂಜೆ ಎಂದು ಆಫೀಸಿನವರೂ ನಗುತ್ತಿದ್ದರು. ಅವರ ಬಲದ ತೋಳೆಲ್ಲ ಗೋಣಿಯ ನಾರು ಗೀಚಿ ಗೀಚಿ ಒರಟಾಗಿತ್ತು, ಅಂಗಿಗಳ ಬಲದ ತೋಳು ಮಾತ್ರ ಮೊದಲು ಹರಿಯುತ್ತಿತ್ತು.

ನಾನು ಶಿರಂಗಾಲದವಳು. ನಮ್ಮದು ಭತ್ತ, ಶುಂಠಿ ಬೆಳೆಯುವ ಊರು. ಕಾಫಿ ಗಿಡವನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೆ ಅಷ್ಟೆ. ಬಿಎಸ್ಸಿ ಆಗಿದೆ ಎಂಬ ಒಂದೇ ಕಾರಣಕ್ಕೆ ಸ್ಯಾಂಪಲ್ ರೂಮಿಗೆ ತೆಗೆದುಕೊಂಡರು, ಮೂರು ತಿಂಗಳು ನೋಡಿ ಕಾಯಂ ಮಾಡುತ್ತೇವೆ ಎಂದರು. ಒಬ್ಬೊಬ್ಬ ಬೆಳೆಗಾರ ತಂದ ಒಂದೊಂದು ಲಾಟಿನ ಮೂಟೆಗಳಿಗೆ ಕೊಳವೆ ಚುಚ್ಚಿ ತೆಗೆದ ಕಾಫಿ ಒಂದೊಂದು ಡಬ್ಬಿಯಲ್ಲಿ ನನ್ನ ಮೇಜಿಗೆ ಬರುತ್ತಿತ್ತು, ಯಾರ ಲಾಟು ಎಂಬ ಚೀಟಿಯ ಸಮೇತ. ತೇವಾಂಶ ನೋಡಿ ಬರೆಯಬೇಕು. ಒಣಗಿದ್ದರೆ ಗೋಡೌನಿಗೆ, ಹಸಿ ಇದ್ದರೆ ಮತ್ತೆ ಬಿಸಿಲಿಗೆ ಹರಡುವ ಕಣಕ್ಕೆ.

ಸೇರಿ ಎರಡನೆಯ ತಿಂಗಳು. ಜನವರಿಯಲ್ಲಿ ಬರಬಾರದ ಮಳೆ ಬಂದಿತ್ತು, ಬೆಳೆಗಾರರ ಕಣದಲ್ಲಿ ಹರಡಿದ್ದ ಕಾಫಿಯೆಲ್ಲ ನೆಂದಿತ್ತು. ಮಧ್ಯಾಹ್ನ ಡಬ್ಬಿಗಳು ಸಾಲಾಗಿ ಬಂದು ನಿಂತಿದ್ದವು. ಬೇಗ ಮುಗಿಸಲೆಂದು ಎರಡು ಡಬ್ಬಿ ಒಟ್ಟಿಗೆ ತೆರೆದು, ಎರಡು ಚೀಟಿಯನ್ನೂ ಅದರದರ ಮುಂದೆ ಇಟ್ಟುಕೊಂಡು ನೋಡುತ್ತಿದ್ದೆ. ಕರೆಂಟು ಹೋಯಿತು. ಸ್ವಲ್ಪ ಹೊತ್ತಿಗೆ ಬಂತು. ಬಂದ ಕೂಡಲೇ ತಲೆಯ ಮೇಲಿನ ಫ್ಯಾನು ತಿರುಗಿತು, ಎರಡು ಚೀಟಿಯೂ ಹಾರಿ ನೆಲಕ್ಕೆ ಬಿದ್ದವು. ಎತ್ತಿಕೊಂಡೆ. ಒಂದು ಡಬ್ಬಿಯದು ಒಣಗಿದ ಕಾಫಿ, ಇನ್ನೊಂದರದು ಹಸಿ, ಯಾವ ಚೀಟಿ ಯಾವುದರದು ಎಂದು ನನಗೆ ಗೊತ್ತಿರಲಿಲ್ಲ. ಕೇಳಿದರೆ ಎರಡು ಲಾಟಿನಿಂದಲೂ ಮತ್ತೆ ಸ್ಯಾಂಪಲ್ ತೆಗೆಸಬೇಕು, ಕೆಲಸ ಬಾರದವಳು ಎನ್ನಿಸಿಕೊಳ್ಳಬೇಕು. ಅಂದಾಜಿನ ಮೇಲೆ ಇಟ್ಟುಬಿಟ್ಟೆ.

ನಾಲ್ಕನೆಯ ದಿನ ಬೆಳಿಗ್ಗೆ ಗೋಡೌನಿನ ಒಳಗಿನಿಂದ ‘ತಣ್ಣಗಿದೆ’ ಬರಲಿಲ್ಲ. ಬಂದದ್ದು, “ಎಲ್ರೂ ಒಳಗೆ ಬನ್ನಿ.” ಪಶ್ಚಿಮದ ಗೋಡೆಯ ಪಕ್ಕದ ಅಟ್ಟಿ ಬಿಸಿಯಾಗಿತ್ತು. ಇಡೀ ಅಟ್ಟಿಯನ್ನು ಮೂಟೆ ಮೂಟೆಯಾಗಿ ಇಳಿಸಿದರು. ಸುದ್ದಿ ಕೇಳಿ ಓಡಿ ಹೋದ ನನಗೆ ಮೂಟೆಯ ಮೇಲಿನ ಲಾಟು ನಂಬರ್ ಕಂಡಿತು. ನಾನು ಅಂದಾಜಿನ ಮೇಲೆ ಚೀಟಿ ಇಟ್ಟ ಎರಡು ಲಾಟಿನಲ್ಲಿ ಒಂದು ಅದು. ನನ್ನ ಮುಖ ಹೇಗಿತ್ತೋ, ಅವರು ತಿರುಗಿ ನೋಡಿ, “ನೀನು ಹೋಗು ತಂಗಿ. ಇದು ನನ್ನ ಕೆಲಸ, ನಾನು ನೋಡ್ಕೊಳ್ತೀನಿ,” ಎಂದರು.

ಆ ಮಾತನ್ನು ನಾನು ಏನೆಂದು ತಿಳಿದುಕೊಂಡೆ ಎಂಬುದೇ ಮುಂದಿನ ಹತ್ತೊಂಬತ್ತು ವರ್ಷದ ಕತೆ. ಅವರಿಗೆ ಗೊತ್ತಾಗಿದೆ, ನನ್ನನ್ನು ಉಳಿಸುತ್ತಿದ್ದಾರೆ ಎಂದು ತಿಳಿದುಕೊಂಡೆ. ಏಕೆಂದರೆ ಆ ವಾರ ಮುಗಿಯುವುದರೊಳಗೆ ಅವರು ಮ್ಯಾನೇಜರ ಮುಂದೆ ಹೋಗಿ, ತಪ್ಪು ತನ್ನದು ಎಂದು ಹೇಳಿ, ಕೀ ಗೊಂಚಲನ್ನು ಮೇಜಿನ ಮೇಲಿಟ್ಟು, ತನಗೆ ಗೇಟು ಸಾಕು ಎಂದು ಕೇಳಿಕೊಂಡರು. ಆ ಹೊತ್ತಿಗೆ ಹಳೆಯ ಲ್ಯಾಟಿನ್ ಮ್ಯಾನೇಜರು ನಿವೃತ್ತರಾಗಿದ್ದರು. ಹೊಸಬರು, ಹೆಚ್ಚೇನೂ ಹಾಳಾಗಿಲ್ಲವಲ್ಲ, ಒಣಗಿಸಿದರೆ ಸರಿಹೋಗುತ್ತದೆ, ಇರಲಿ ಎಂದರಂತೆ. ಇವರು ಒಪ್ಪಲಿಲ್ಲ. ನನ್ನನ್ನು ಮೂರು ತಿಂಗಳಿಗೆ ಸರಿಯಾಗಿ ಕಾಯಂ ಮಾಡಿದರು. ಸ್ಯಾಂಪಲ್ ರೂಮಿನ ಫ್ಯಾನನ್ನು ಹಟ ಹಿಡಿದು ಬಿಚ್ಚಿಸಿಬಿಟ್ಟೆ. ಇಂದಿಗೂ ಅಲ್ಲಿ ಫ್ಯಾನಿಲ್ಲ, ಮಾರ್ಚ್ ಏಪ್ರಿಲ್‌ನಲ್ಲಿ ಒಳಗೆ ಬಂದವರೆಲ್ಲ ನನ್ನನ್ನು ಬೈದೇ ಹೋಗುತ್ತಾರೆ.

ಗೇಟಿನಲ್ಲಿ ಅವರಿಗೆ ನೀಲಿ ಅಂಗಿ ಕೊಟ್ಟರು, ಎದೆಯ ಮೇಲೆ ಇಂಗ್ಲಿಷಿನಲ್ಲಿ ‘ಸೆಕ್ಯೂರಿಟಿ’ ಎಂದು ಹೊಲಿದಿತ್ತು. ಹುಡುಕುತ್ತಿದ್ದ ಬಳ್ಳಿ ಕಾಲಿಗೆ ತೊಡರಿದಂತಾಯಿತು ಅವರಿಗೆ. ಲಾರಿಯವರನ್ನು ನಿಲ್ಲಿಸಿ ಪಾಠ ಮಾಡುವರು: “‘ಸೆ’ ಅಂದ್ರೆ ಇಲ್ಲದೆ, ‘ಕೂರಾ’ ಅಂದ್ರೆ ಚಿಂತೆ. ಚಿಂತೆ ಇಲ್ಲದೋನು ಅಂತ ಎದೆ ಮೇಲೆ ಬರ್ಕೊಂಡು ಕೂತಿದ್ದೀನಿ ನೋಡಪ್ಪಾ.” ಇಟಲಿಯವರು ಮಾತಿಗೊಮ್ಮೆ ‘ಸಿಕೂರೋ’ ಅನ್ನುವುದು, ಸ್ಪೇನಿನವರ ‘ಸೆಗೂರೋ’, ಫ್ರಾನ್ಸಿನವರ ‘ಸ್ಯೂರ್’, ಜರ್ಮನಿಯವರ ‘ಜಿಖರ್’, ಇಂಗ್ಲಿಷಿನ ‘ಷೂರ್’, ಎಲ್ಲ ಈ ಒಂದೇ ಪದದ ಮಕ್ಕಳು ಎಂದು ಡೈರಿ ತೆಗೆದು ತೋರಿಸುವರು. “ನಾವು ‘ಷೂರಾ?’ ಅಂತ ಕೇಳ್ತೀವಲ್ಲ, ಅದರ ಅರ್ಥ ಚಿಂತೆ ಇಲ್ವಾ ಅಂತ.” ಲಾರಿಯವರು ಹೂಂ ಹೂಂ ಎಂದು ಗಾಡಿ ಬಿಡುವರು.

ಒಂದು ದಿನ ನಾನು ಒಳಗೆ ಹೋಗುವಾಗ, “ಈ ಪದಕ್ಕೆ ಒಂದು ಕೆಟ್ಟ ಅರ್ಥವೂ ಇತ್ತಂತೆ ತಂಗಿ. ಹಳೇ ಮ್ಯಾನೇಜರ್ ಹೇಳಿದ್ರು. ಚಿಂತೆ ಮಾಡಬೇಕಾದ ಕಡೆ ಮಾಡದೆ ಆರಾಮಾಗಿ ಇದ್ದೋನು ಅಂತ,” ಎಂದು ಹೇಳಿ ರಸ್ತೆಯ ಕಡೆ ಮುಖ ತಿರುಗಿಸಿದರು. ನನಗೇ ಚುಚ್ಚಿ ಹೇಳಿದರೆಂದುಕೊಂಡು ಆ ದಿನ ಊಟದ ಡಬ್ಬಿ ತೆರೆಯಲಿಲ್ಲ.

ಗೇಟಿಗೆ ಬಂದ ಮೇಲೆ ಅವರಿಗೆ ಒಂದು ಹೊಸ ಸಿಟ್ಟು ಬಂದಿತ್ತು. ಯಾರಾದರೂ ‘ನೋಡೋಣ’ ಎಂದರೆ ಆಗುತ್ತಿರಲಿಲ್ಲ. ಬಲ್ಬು ಹೋಗಿದೆ, ನಾಳೆ ನೋಡೋಣ ಎಂದರೆ, “ನಾಳೆ ಯಾಕೆ? ಈಗ ಕಣ್ಣಿಲ್ವಾ?” ಎಂದು ರೇಗುವರು. ಮತ್ತೊಂದು, ಅವರು ಗೋಡೌನಿನ ಒಳಗೆ ಕಾಲಿಡಲಿಲ್ಲ. ಹನ್ನೆರಡು ವರ್ಷ ಅದರ ಎದುರಿಗೇ ಕೂತಿದ್ದರು, ಒಂದು ಸಲವೂ ಹೋಗಲಿಲ್ಲ. ಬೆಳಿಗ್ಗೆ ಎಂಟಕ್ಕೆ ಷಟರ್ ಏಳುವ ಸದ್ದಾದರೆ ಬೆನ್ನು ತಿರುಗಿಸಿ ಲಾರಿ ನಂಬರ್ ಬರೆಯತೊಡಗುವರು.

ನಾನು ಮಾಡಿದ್ದೇನು? ತಿನ್ನಿಸಿದೆ. ಹೇಳುವ ಧೈರ್ಯವಿಲ್ಲದವರು ಮಾಡುವ ಕೆಲಸ ಅದು. ಯುಗಾದಿಗೆ ಒಬ್ಬಟ್ಟು, ಊರಿಗೆ ಹೋಗಿ ಬಂದಾಗಲೆಲ್ಲ ಹಸಿ ಶುಂಠಿ, ಹೊಸ ಅಕ್ಕಿ. ಅವರು ನಿವೃತ್ತರಾಗಿ ಊರಿಗೆ ಹೋದ ಮೇಲೂ ವರ್ಷಕ್ಕೆರಡು ಸಲ ಬಸ್ಸು ಹತ್ತಿ ಹೋಗಿ ಕೊಟ್ಟು ಬರುತ್ತಿದ್ದೆ. ಪ್ರತಿ ಸಲವೂ ಈ ಸಲ ಹೇಳುತ್ತೇನೆ ಎಂದುಕೊಂಡು ಹೋಗುವುದು, ಬೆಲ್ಲದ ಕಾಫಿ ಕುಡಿದು ವಾಪಸು ಬರುವುದು. ಅವರು ನನಗಾಗಿ ತಮ್ಮ ಕೆಲಸವನ್ನೇ ಬಿಟ್ಟುಕೊಟ್ಟ ದೊಡ್ಡ ಮನುಷ್ಯರು, ನನ್ನ ತಪ್ಪನ್ನು ಒಂದು ದಿನವೂ ಎತ್ತಿ ಆಡದ ದೇವರು ಎಂದು ಮನಸ್ಸಿನಲ್ಲೇ ಪಟ ಕಟ್ಟಿ ಹಾಕಿಕೊಂಡಿದ್ದೆ.

ಹೋದ ವರ್ಷ ಗೋಡೌನಿನ ಜವಾಬ್ದಾರಿಯನ್ನೂ ನನಗೇ ಕೊಡುತ್ತೇವೆ ಎಂದು ಆಡಳಿತದವರು ಕರೆದು ಹೇಳಿದರು. ಮೇಜಿನ ಮೇಲೆ ಅದೇ ಹಳೆಯ ಕೀ ಗೊಂಚಲಿತ್ತು. ಸೋಮವಾರ ಹೇಳುತ್ತೇನೆ ಎಂದು ಎದ್ದು ಬಂದೆ. ಅದನ್ನು ಮುಟ್ಟುವ ಮೊದಲು ಅವರ ಮುಂದೆ ಬಾಯಿ ಬಿಡಲೇಬೇಕು, ಬಿಡದಿದ್ದರೆ ಆ ಕೀ ನನಗೆ ಬೇಡ ಎಂದು ತೀರ್ಮಾನಿಸಿದ್ದೆ. ಭಾನುವಾರ ಬೆಳಿಗ್ಗೆ ಸೋಮವಾರಪೇಟೆ ಬಸ್ಸು ಹತ್ತಿದೆ. ಬರಿಗೈಯಲ್ಲಿ ಹೋದೆ.

ಫೆಬ್ರವರಿಯ ಬಿಸಿಲು. ಅಂಗಳದಲ್ಲಿ ಹರಡಿದ್ದ ಮನೆಯ ನಾಲ್ಕು ಗಿಡದ ಕಾಫಿಯನ್ನು ಅವರು ಕಾಲಿನಿಂದ ಕೆದಕುತ್ತಿದ್ದರು. ಏದುಸಿರು ಬರುತ್ತಿತ್ತು, ಮಂಡಿ ಊದಿತ್ತು. “ಏನ್ ತಂಗಿ, ಶುಂಠಿ ಎಲ್ಲಿ?” ಎಂದು ನಕ್ಕರು. ಜಗಲಿಯ ಮೇಲೆ ಕೂತೆವು. ಅವರ ಹೆಂಡತಿ ಕಾಫಿ ತಂದಿಟ್ಟು ಅಲ್ಲೇ ಕಂಬಕ್ಕೆ ಒರಗಿ ನಿಂತರು. ನಾನು ಲೋಟ ಮುಟ್ಟದೆ ಹೇಳಿದೆ.

“ಅಣ್ಣಾ, ಆ ಅಟ್ಟಿ ಬಿಸಿಯಾಗಿದ್ದು ನನ್ನಿಂದ. ಚೀಟಿ ಅದಲು ಬದಲಾಗಿತ್ತು. ಹಸಿ ಲಾಟು ಗೋಡೌನಿಗೆ ಹೋಯ್ತು. ನೀವು ನನ್ನನ್ನ ಉಳಿಸೋಕೆ ಕೀ ಕೊಟ್ಟು ಗೇಟಿಗೆ ಹೋದ್ರಿ. ನಾನು ಇಷ್ಟು ವರ್ಷ…”

“ತಡಿ ತಡಿ,” ಎಂದರು. “ಯಾರನ್ನ ಉಳಿಸೋಕೆ?”

“ನನ್ನನ್ನ.”

“ನಿನ್ನನ್ನ ನಾನ್ಯಾಕೆ ಉಳಿಸ್ಲಿ? ಗೊತ್ತಿದ್ರೆ ಅವತ್ತೇ ಕಿವಿ ಹಿಂಡಿ ಮ್ಯಾನೇಜರ್ ಮುಂದೆ ನಿಲ್ಲಿಸ್ತಿದ್ದೆ!”

ಅವರು ನನ್ನನ್ನೇ ನೋಡುತ್ತಿದ್ದರು. ಮುಖದ ಬಣ್ಣ ಬದಲಾಗುತ್ತಿತ್ತು.

“ಚೀಟಿ ಬದಲಾಗಿತ್ತಾ?” ಎಂದು ಮೆಲ್ಲಗೆ ಕೇಳಿದರು. “ಖಂಡಿತಾ?”

ನಡೆದದ್ದನ್ನೆಲ್ಲ ಹೇಳಿದೆ. ಅವರು ಮಧ್ಯೆ ಮಧ್ಯೆ ಪೊಲೀಸರ ಹಾಗೆ ಪ್ರಶ್ನೆ ಹಾಕಿದರು. ಎಷ್ಟು ಹೊತ್ತಿಗೆ ಕರೆಂಟು ಬಂತು, ಫ್ಯಾನು ಎಷ್ಟರಲ್ಲಿತ್ತು, ಇನ್ನೊಂದು ಲಾಟು ಏನಾಯಿತು. ಆ ಇನ್ನೊಂದು ಲಾಟು ಸುಮ್ಮನೆ ಕಣಕ್ಕೆ ಹೋಗಿ ಎರಡು ದಿನ ಬಿಸಿಲು ಕಾಯಿಸಿಕೊಂಡು ಬಂತು ಎಂದೆ. ಆಮೇಲೆ ಅವರು ತಮ್ಮದನ್ನು ಹೇಳಿದರು. ಆ ಲಾಟು ಗೋಡೌನಿಗೆ ಸೇರಿದ ಸಂಜೆ ಪಶ್ಚಿಮದ ಗೋಡೆಯ ಮೇಲೆ ಛಾವಣಿಯ ಒಂದು ಶೀಟು ಸ್ವಲ್ಪ ಸರಿದದ್ದನ್ನು ಅವರು ಕಂಡಿದ್ದರು. ನಾಳೆ ನೋಡೋಣ ಎಂದುಕೊಂಡು ಮನೆಗೆ ಹೋಗಿದ್ದರು, ಆ ರಾತ್ರಿ ಮತ್ತೊಂದು ಮಳೆ ಹೊಯ್ದಿತ್ತು. ಅಟ್ಟಿ ಬಿಸಿಯಾದಾಗ, ಶೀಟು ಸೋರಿ ನೀರು ಇಳಿದಿದೆ, ಇದು ನನ್ನ ಸೋಮಾರಿತನದ ಫಲ ಎಂದು ತೀರ್ಮಾನಿಸಿಬಿಟ್ಟರು. ಕೀ ಹಿಡಿಯಲು ತಾನು ಲಾಯಕ್ಕಲ್ಲ ಎಂದು ತಾವೇ ತಮಗೆ ಶಿಕ್ಷೆ ಕೊಟ್ಟುಕೊಂಡರು. ಎದೆಯ ಮೇಲಿನ ಪದದ ಕೆಟ್ಟ ಅರ್ಥವನ್ನು ಅವರು ಹೇಳಿದ್ದು ನನಗಲ್ಲ, ತಮಗೇ.

“ಮೇಲಿನ ಮೂಟೆ ಒಣಗೇ ಇತ್ತು,” ಎಂದರು, ತಮ್ಮಷ್ಟಕ್ಕೆ. “ಕೆಳಗಿಂದು ಬಿಸಿ. ನೀರು ಮೇಲಿಂದ ಬಿದ್ರೆ ಮೇಲಿಂದು ಮೊದಲು ನೆನೀಬೇಕಲ್ವಾ? ಅದೊಂದು ಇಷ್ಟು ವರ್ಷ ತಲೇಲಿ ಕೂರ್ತಾನೇ ಇರಲಿಲ್ಲ.” ಆಮೇಲೆ ಹೆಂಡತಿಯ ಕಡೆ ತಿರುಗಿ, ಊರಿಗೇ ಕೇಳುವಂತೆ ಕೂಗಿದರು: “ಕೇಳಿದ್ಯೇನೇ! ಶೀಟು ಸೋರಿರಲಿಲ್ವಂತೆ!”

“ಕೇಳ್ತು, ಕೇಳ್ತು,” ಎಂದು ಅವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. “ಮಳೆ ಬಂದಾಗೆಲ್ಲ ಆ ಶೀಟಿನ ಮಾತೇ. ನನಗೂ ಬಾಯಿಪಾಠ ಆಗಿತ್ತು. ನೀನ್ಯಾಕೆ ಇವರಿಗೆ ಅಷ್ಟು ತಂದು ಸುರೀತೀಯ ಅಂತ ಈಗ ಗೊತ್ತಾಯ್ತು ನೋಡು.”

ಅಣ್ಣ ನನ್ನನ್ನು ಕೂಡಲೇ ಕ್ಷಮಿಸಿದರು ಎಂದು ಬರೆದರೆ ಸುಳ್ಳಾಗುತ್ತದೆ. ಸಂತೋಷ ಇಳಿದ ಮೇಲೆ ಸಿಟ್ಟು ಬಂತು. “ಹನ್ನೆರಡು ವರ್ಷ ಗೇಟಲ್ಲಿ ಕೂತಿದ್ದೆ ನಾನು. ನಿನ್ನ ಕಣ್ಣ ಮುಂದೆ. ಒಂದು ಮಾತು ಹೇಳೋಕೆ ನಿನಗೇನಾಗಿತ್ತು?” ಎಂದರು. ಅವರು ಎದ್ದು ಅಂಗಳಕ್ಕೆ ಹೋಗಿ, ಬೆನ್ನು ಹಾಕಿ, ಕೆದಕಿದ್ದ ಕಾಫಿಯನ್ನೇ ಮತ್ತೆ ಕೆದಕತೊಡಗಿದರು. ನಾನು ತಣ್ಣಗಾದ ಕಾಫಿಯ ಮುಂದೆ ಕೂತು ಅತ್ತೆ. ಪಟ ಕಟ್ಟಿ ಹಾಕಿದ್ದ ದೇವರು ಇಳಿದು ಹೋಗಿದ್ದ. ಅಲ್ಲಿ ಇದ್ದದ್ದು ತನ್ನದಲ್ಲದ ತಪ್ಪಿಗೆ ಇಷ್ಟು ವರ್ಷ ಒಳಗೇ ಬೆಂದ, ಈಗ ನನ್ನ ಮೇಲೆ ಸರಿಯಾಗಿಯೇ ಸಿಟ್ಟಾಗಿದ್ದ ಒಬ್ಬ ಮನುಷ್ಯ. ದೇವರಿಗಿಂತ ಈ ಮನುಷ್ಯನ ಮುಂದೆ ಕೂರುವುದು ಕಷ್ಟವಾಗಿತ್ತು, ಆದರೂ ನನ್ನ ಎದೆ ಹಗುರವಾಗಿತ್ತು.

ಕಾಫಿಯನ್ನೆಲ್ಲ ಒಂದು ಸುತ್ತು ಕೆದಕಿ ಮುಗಿಸಿ ಅಲ್ಲಿಂದಲೇ ಕೇಳಿದರು: “ಈಗಲೂ ಎರಡು ಡಬ್ಬಿ ಒಟ್ಟಿಗೆ ತೆಗೀತೀಯಾ?”

“ಇಲ್ಲ ಅಣ್ಣಾ. ಅವತ್ತಿಂದ ಒಂದೇ.”

“ಫ್ಯಾನು?”

“ಆ ರೂಮಲ್ಲಿ ಫ್ಯಾನೇ ಇಲ್ಲ. ಆ ತಿಂಗಳೇ ಬಿಚ್ಚಿಸಿದೆ.”

“ಹತ್ತೊಂಬತ್ತು ವರ್ಷ ಫ್ಯಾನಿಲ್ಲದೆ ಕೂತಿದ್ದೀಯಾ?”

“ಹೂಂ.”

ಅವರ ಹೆಗಲು ಅಲುಗತೊಡಗಿತು. ಏದುಸಿರಿನಿಂದ ಎಂದು ಹೆದರಿ ಎದ್ದೆ. ನಗುತ್ತಿದ್ದರು. ಜಗಲಿಗೆ ಬಂದು ಕೂತು ಕೆಮ್ಮಿ ಕೆಮ್ಮಿ ನಕ್ಕರು. “ಒಬ್ಬರು ಗೇಟಲ್ಲಿ ಬಿಸಿಲಲ್ಲಿ, ಇನ್ನೊಬ್ಬರು ಒಳಗೆ ಸೆಕೇಲಿ. ಕ್ಯೂರಿಂಗ್ ಅಂದ್ರೆ ನಮ್ಮನ್ನ ನೋಡಿ ಕಲೀಬೇಕು,” ಎಂದರು. ಹೆಂಡತಿಗೆ ಬಿಸಿ ಕಾಫಿ ತರಲು ಹೇಳಿದರು. ಆಮೇಲೆ ನಾನು ಕೀ ಗೊಂಚಲಿನ ವಿಷಯ ಹೇಳಿದೆ. “ತಗೋ,” ಎಂದರು. ಲೋಟ ಕೆಳಗಿಟ್ಟು, “ನನ್ನನ್ನ ಒಂದು ಸಲ ಒಳಗೆ ಕರ್ಕೊಂಡು ಹೋಗ್ತೀಯಾ?” ಎಂದು ಕೇಳಿದರು.

ಆ ವಾರವೇ ಆಟೋ ಮಾಡಿಕೊಂಡು ಕರೆತಂದೆ. ಎಂಟು ಗಂಟೆ. ಹಮಾಲಿಗಳು ಷಟರಿನ ಮುಂದೆ ಕಾಯುತ್ತಿದ್ದರು, ಹಳಬರು ಇಬ್ಬರು ಮೂವರು ಅವರನ್ನು ಕಂಡು ಎದ್ದು ನಿಂತರು. ಚಿಕ್ಕ ಬಾಗಿಲಿನ ಕೀ ನಾನೇ ತಿರುಗಿಸಿದೆ. ಹೊಸ್ತಿಲಲ್ಲಿ ಅವರು ಚಪ್ಪಲಿ ಬಿಟ್ಟರು. ಒಳಗಿನ ಗೋಣಿಯ ವಾಸನೆಗೆ ಒಂದು ಸಲ ನಿಂತು ಉಸಿರೆಳೆದುಕೊಂಡರು. ನೇರವಾಗಿ ಪಶ್ಚಿಮದ ಗೋಡೆಗೆ ನಡೆದು, ತಲೆಯೆತ್ತಿ ಮೇಲಿನ ಶೀಟುಗಳನ್ನು ಒಂದೊಂದಾಗಿ ನೋಡಿದರು. ಅಂಗಿಯ ಬಲದ ತೋಳನ್ನು ನಾನು ಮಡಚಿಕೊಟ್ಟೆ. ಅಟ್ಟಿಯ ಸಂದಿಗೆ ಭುಜದವರೆಗೂ ಕೈ ತೂರಿಸಿ ಕಣ್ಣು ಮುಚ್ಚಿದರು. ಆಮೇಲೆ ಎಡಗೈಯಿಂದ ನನ್ನ ಕೈ ಹಿಡಿದೆಳೆದು ಪಕ್ಕದ ಸಂದಿಗೆ ತೂರಿಸಿದರು.

“ಹೇಳು,” ಎಂದರು.

ಇಷ್ಟು ವರ್ಷ ಮಿಷನ್ನಿನಲ್ಲಿ ಓದಿದ್ದನ್ನು ಮೊದಲ ಸಲ ಚರ್ಮದಿಂದ ಓದಲು ನೋಡಿದೆ. ಒರಟು ಗೋಣಿ. ಅದರಾಚೆ ಬೀಜ. ಅಷ್ಟೇ.

“ತಣ್ಣಗಿದೆ ಅಣ್ಣಾ.”

“ನನಗಲ್ಲ. ಹೊರಗಿನವರಿಗೆ ಹೇಳು.”

ನಾನು ಕೂಗಿದೆ. ಷಟರ್ ಎದ್ದಿತು, ಗಾಳಿಯೂ ಬೆಳಕೂ ಒಳಗೆ ಬಂದವು, ಹಮಾಲಿಗಳು ಮೂಟೆ ಎತ್ತತೊಡಗಿದರು. ಅವರು ಮಾತ್ರ ಅಟ್ಟಿಯಿಂದ ಕೈ ಹೊರಗೆ ತೆಗೆಯಲು ಅವಸರ ಮಾಡಲಿಲ್ಲ.